ನಿಯಂತ್ರಣದ ವಿಜ್ಞಾನ, ನಿಯಂತ್ರಣದ ಭೀತಿ

ಯಂತ್ರವಾಗಲಿ ಜೀವಿಯಾಗಲಿ ತನ್ನ ಕೆಲಸದ ಫಲವನ್ನು ಗಮನಿಸಿ ಮುಂದಿನ ಕೆಲಸವನ್ನು ಹೇಗೆ ತಿದ್ದಿಕೊಳ್ಳುತ್ತದೆ ಎಂಬುದರ ಅಧ್ಯಯನವೇ ಸೈಬರ್ನೆಟಿಕ್ಸ್. ಫ್ರಿಜ್ಜಿನಲ್ಲಿ ತಂಪು ಇಳಿದರೆ ಥರ್ಮೋಸ್ಟಾಟ್ ಕಂಪ್ರೆಸರನ್ನು ಚಾಲೂ ಮಾಡುತ್ತದೆ, ಸಾಕಾದಾಗ ನಿಲ್ಲಿಸುತ್ತದೆ. ಈ ಸುತ್ತೇ ಫೀಡ್‌ಬ್ಯಾಕ್. ಎರಡನೇ ಮಹಾಯುದ್ಧದಲ್ಲಿ ಶತ್ರುವಿಮಾನದ ಮುಂದಿನ ದಾರಿಯನ್ನು ಊಹಿಸುವ ಲೆಕ್ಕಾಚಾರದಲ್ಲಿ ತೊಡಗಿದ್ದ ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ 1948ರಲ್ಲಿ ಪುಸ್ತಕ ಬರೆದು ಇದಕ್ಕೆ ಶಾಸ್ತ್ರದ ರೂಪ ಕೊಟ್ಟರು.

1946ರಿಂದ 1953ರವರೆಗೆ ಅಮೆರಿಕದ ಮೇಸಿ ಪ್ರತಿಷ್ಠಾನ ಈ ವಿಷಯದ ಮೇಲೆ 10 ಸಮ್ಮೇಳನ ನಡೆಸಿತು, ಹೆಚ್ಚಿನವು ನ್ಯೂಯಾರ್ಕಿನಲ್ಲಿ. ಗಣಿತಜ್ಞ ಜಾನ್ ವಾನ್ ನಾಯ್ಮನ್, ಮಾನವಶಾಸ್ತ್ರಜ್ಞರಾದ ಮಾರ್ಗರೆಟ್ ಮೀಡ್ ಮತ್ತು ಗ್ರೆಗರಿ ಬೇಟ್‌ಸನ್, ನರವಿಜ್ಞಾನಿ ವಾರೆನ್ ಮೆಕಲಕ್ ಒಂದೇ ಮೇಜಿನ ಸುತ್ತ ಕುಳಿತು ವಾದಿಸಿದರು. ಮೆಕಲಕ್ ಮತ್ತು ಸಂಗಡಿಗರು 1959ರಲ್ಲಿ ಕಪ್ಪೆಯ ಕಣ್ಣಿನ ಬಗ್ಗೆ ಪ್ರಕಟಿಸಿದ ಪ್ರಬಂಧ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕಪ್ಪೆಯ ಕಣ್ಣು ಹೊರಗಿನ ಚಿತ್ರವನ್ನು ಇದ್ದಂತೆ ಮಿದುಳಿಗೆ ಸಾಗಿಸುವುದಿಲ್ಲ. ಚಲಿಸುವ ಸಣ್ಣ ಕಪ್ಪು ಚುಕ್ಕೆ ಮುಂತಾದ ಕೆಲವನ್ನೇ ಆರಿಸಿ ಕಳಿಸುತ್ತದೆ. ಸುತ್ತ ಹುಳಗಳ ರಾಶಿಯೇ ಇದ್ದರೂ ಅವು ಅಲುಗದಿದ್ದರೆ ಕಪ್ಪೆ ಉಪವಾಸವೇ ಸಾಯಬೇಕು. ಮನುಷ್ಯನೂ ಕಾಣುವ ಲೋಕವನ್ನು ತಾನೇ ಕಟ್ಟಿಕೊಳ್ಳುತ್ತಾನೆ ಎಂಬ ವಾದವನ್ನು ಸೈಬರ್ನೆಟಿಕ್ಸ್ ತಜ್ಞ ಹೈನ್ಸ್ ಫಾನ್ ಫರ್ಸ್ಟರ್ ಮುಂದೆ ಬೆಳೆಸಿದರು.

ಕಾಣುವ ಲೋಕವನ್ನು ಮನಸ್ಸೇ ಕಟ್ಟುವುದಾದರೆ ಬೇರೊಬ್ಬರು ಅದನ್ನು ತಮಗೆ ಬೇಕಾದಂತೆ ಕಟ್ಟಿಕೊಡಬಹುದಲ್ಲವೆ? ಸೈಬರ್ನೆಟಿಕ್ಸ್ ಸುತ್ತ ಪಿತೂರಿ ಸಿದ್ಧಾಂತಗಳು ಹುಟ್ಟುವುದು ಈ ಪ್ರಶ್ನೆಯಿಂದ. ಮೇಸಿ ಸಮ್ಮೇಳನಗಳೇ ಇಡೀ ಸಮಾಜದ ಮನಸ್ಸನ್ನು ಪಳಗಿಸುವ ಗುಪ್ತ ಯೋಜನೆಯ ಮೂಲ ಎಂದು ಅವು ಹೇಳುತ್ತವೆ. ಇದು ಪೂರ್ತಿ ಗಾಳಿಮಾತೂ ಅಲ್ಲ. 1953ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಎಂಕೆ ಅಲ್ಟ್ರಾ ಎಂಬ ಹೆಸರಿನಲ್ಲಿ ಮನೋನಿಯಂತ್ರಣದ ಪ್ರಯೋಗಗಳನ್ನು ಆರಂಭಿಸಿತು, ಜನರಿಗೆ ಅವರ ಅರಿವಿಲ್ಲದೆ ಭ್ರಮೆ ಹುಟ್ಟಿಸುವ ಮಾದಕವಸ್ತು ಎಲ್‌ಎಸ್‌ಡಿ ಕೊಟ್ಟಿತು. ಎಲ್‌ಎಸ್‌ಡಿ ಸಂಶೋಧನೆಗೆ ಸಿಐಎ ಹಣ ಹರಿದ ದಾರಿಗಳಲ್ಲಿ ಮೇಸಿ ಪ್ರತಿಷ್ಠಾನವೂ ಒಂದು. 1973ರಲ್ಲಿ ಸಿಐಎ ನಿರ್ದೇಶಕರ ಆದೇಶದಂತೆ ಎಂಕೆ ಅಲ್ಟ್ರಾದ ಹೆಚ್ಚಿನ ಕಡತಗಳು ನಾಶವಾದವು. ಸಂಶಯಪಡುವವರಿಗೆ ಇದಕ್ಕಿಂತ ಒಳ್ಳೆಯ ಮೇವು ಬೇಕೆ? ಆದರೆ ಉಳಿದ ದಾಖಲೆಗಳು ತೋರಿಸುವುದು ಗೆದ್ದ ಮನೋನಿಯಂತ್ರಣವನ್ನಲ್ಲ. ಕ್ರೂರವಾದ, ದಿಕ್ಕುತಪ್ಪಿದ ಪ್ರಯೋಗಗಳನ್ನು.

ಸೈಬರ್ನೆಟಿಕ್ಸ್‌ನಿಂದ ಸಮಾಜವನ್ನು ಆಳಬಹುದೆಂದು ವೀನರ್ ಅವರೇ ನಂಬಿರಲಿಲ್ಲ. ಮೀಡ್ ಮತ್ತು ಬೇಟ್‌ಸನ್ ಒತ್ತಾಯಿಸಿದರೂ ಅವರು ಜಗ್ಗಲಿಲ್ಲ. ಸಮಾಜದ ಬಗ್ಗೆ ಸಿಗುವ ಅಂಕಿಅಂಶಗಳ ಸರಣಿ ತೀರ ಗಿಡ್ಡ, ಅಳೆಯುವವನೂ ಆ ಸಮಾಜದೊಳಗೇ ಇರುತ್ತಾನೆ ಎಂದು 1948ರ ಪುಸ್ತಕದಲ್ಲೇ ಬರೆದರು. ಬ್ರಿಟನ್ನಿನ ಸೈಬರ್ನೆಟಿಕ್ಸ್ ತಜ್ಞ ರಾಸ್ ಆ್ಯಶ್‌ಬಿ ಹೇಳಿದ ನಿಯಮ ಇನ್ನೂ ಕಠಿಣ: ನಿಯಂತ್ರಿಸುವವನಲ್ಲಿ, ನಿಯಂತ್ರಣಕ್ಕೊಳಗಾಗುವ ವ್ಯವಸ್ಥೆಯಲ್ಲಿರುವಷ್ಟಾದರೂ ವೈವಿಧ್ಯ ಇರಬೇಕು. ಕೋಟಿಗಟ್ಟಲೆ ಜನರ ಚಂಚಲ ವರ್ತನೆಗೆ ಸಮನಾದ ವೈವಿಧ್ಯ ಯಾವ ಗುಪ್ತ ಕೂಟದಲ್ಲಿ ಇದ್ದೀತು?

ಚಿಲಿಯ ಅನುಭವವೂ ಇದನ್ನೇ ಹೇಳುತ್ತದೆ. 1971ರಲ್ಲಿ ಸಾಲ್ವಡಾರ್ ಅಯೆಂದೆ ಸರ್ಕಾರ ಬ್ರಿಟಿಷ್ ಸೈಬರ್ನೆಟಿಕ್ಸ್ ತಜ್ಞ ಸ್ಟಾಫರ್ಡ್ ಬಿಯರ್ ಅವರನ್ನು ಕರೆಸಿ, ರಾಷ್ಟ್ರೀಕೃತ ಕಾರ್ಖಾನೆಗಳ ಮಾಹಿತಿಯನ್ನು ಟೆಲೆಕ್ಸ್ ಮೂಲಕ ತರಿಸುವ ಸೈಬರ್‌ಸಿನ್ ಯೋಜನೆ ಹಮ್ಮಿಕೊಂಡಿತು. 7 ಕುರ್ಚಿಗಳ ಅದರ ನಿಯಂತ್ರಣ ಕೊಠಡಿಯ ಚಿತ್ರ ನೋಡಿದವರಿಗೆ ದೇಶವನ್ನೇ ಗುಂಡಿಯೊತ್ತಿ ಆಳುವಂತೆ ಕಂಡೀತು. ಪತ್ರಿಕೆಗಳಲ್ಲೂ ಅಂಥ ಆರೋಪ ಬಂತು. ವಾಸ್ತವದಲ್ಲಿ ಅಂಕಿಅಂಶಗಳು ತಡವಾಗಿ ಬರುತ್ತಿದ್ದವು, ಕೊಠಡಿ ಮಾದರಿಯ ಹಂತ ದಾಟಲಿಲ್ಲ. 1972ರ ಅಕ್ಟೋಬರಿನಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದಾಗ ಸರ್ಕಾರದ ಕೈಹಿಡಿದದ್ದು ಆ ಕೊಠಡಿಯಲ್ಲ, ಸಾಮಾನ್ಯ ಟೆಲೆಕ್ಸ್. ಮರುವರ್ಷದ ಸೆಪ್ಟೆಂಬರಿನ ಸೇನಾ ದಂಗೆಯೊಂದಿಗೆ ಯೋಜನೆ ಮುಗಿಯಿತು.

ಪಿತೂರಿಯ ನಂಬಿಕೆಗೂ ತನ್ನದೇ ಫೀಡ್‌ಬ್ಯಾಕ್ ಸುತ್ತು ಉಂಟು. ಪುರಾವೆ ಸಿಕ್ಕರೆ ಪಿತೂರಿ ನಿಜ. ಸಿಗದಿದ್ದರೆ ಮುಚ್ಚಿಟ್ಟಿದ್ದಾರೆ, ಆದ್ದರಿಂದ ಇನ್ನೂ ನಿಜ. ಥರ್ಮೋಸ್ಟಾಟ್ ತಪ್ಪನ್ನು ತಗ್ಗಿಸುತ್ತದೆ, ಈ ಸುತ್ತು ತಪ್ಪನ್ನೇ ಬೆಳೆಸುತ್ತದೆ. ಗುಟ್ಟಿನ ಕೊಠಡಿಯನ್ನು ಹುಡುಕುವ ಗಡಿಬಿಡಿಯಲ್ಲಿ ಕಣ್ಣೆದುರಿನ ಪ್ರಯೋಗ ತಪ್ಪಿಹೋಗುವುದೂ ಉಂಟು. 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ 6,89,003 ಬಳಕೆದಾರರಿಗೆ ಕಾಣುವ ಬರಹಗಳಲ್ಲಿ ಕೆಲವನ್ನು ಮರೆಮಾಡಿ ಅವರ ಭಾವನೆ ಬದಲಾಗುವುದೇ ಎಂದು ಪರೀಕ್ಷಿಸಿತು. ಬದಲಾವಣೆ ಅತಿ ಸಣ್ಣದು. ಫಲಿತಾಂಶ 2014ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಹಿರಂಗವಾಗಿಯೇ ಅಚ್ಚಾಯಿತು.