ಕೀಲಿನ ಕಟ್ಟು

‘ಸ್ನಾಯು’ ಎಂದೊಡನೆ ಇಂದು ನಮಗೆ ತೋರುವುದು ಮಾಂಸಖಂಡ. ಸುಶ್ರುತ ಸಂಹಿತೆಯಲ್ಲಿ ಆ ಶಬ್ದ ಕೀಲುಗಳನ್ನು ಬಿಗಿದಿಡುವ ಕಟ್ಟುಗಳಿಗೂ ಸಲ್ಲುತ್ತದೆ. ಹಗ್ಗದಿಂದ ಬಿಗಿದ ಹಲಗೆಗಳ ನಾವೆ ಹೇಗೆ ಭಾರ ಹೊರುವುದೋ ಹಾಗೆಯೇ ಸ್ನಾಯುಗಳಿಂದ ಬಿಗಿದ ದೇಹವೂ ಹೊರುತ್ತದೆಂಬುದು ಸುಶ್ರುತನ ಹೋಲಿಕೆ. ಕೃಷ್ಣೆಯ ದಡದ ಆಲಮಟ್ಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲುಬಿಗೆ ಎಲುಬನ್ನು ಕಟ್ಟುವ ಈ ಪಟ್ಟಿಯೇ ಇಂದಿನ ವೈದ್ಯರ ಲಿಗಮೆಂಟ್, ಕನ್ನಡದಲ್ಲಿ ಅಸ್ಥಿರಜ್ಜು.

ಬೇಸಿಗೆಯಲ್ಲಿ ಬಿರಿದ ಎರೆಹೊಲದಲ್ಲಿ ಪಾದ ಒಳಮುಖವಾಗಿ ಹೊರಳಿದರೆ ಪೆಟ್ಟಾಗುವುದು ಕಾಲಹರಡಿನ ಹೊರಬದಿಯ ರಜ್ಜುವಿಗೆ. ಕುಸ್ತಿಯಲ್ಲೋ ಕಬಡ್ಡಿಯಲ್ಲೋ ಪಾದ ನೆಲದಲ್ಲಿ ನಾಟಿರುವಾಗಲೇ ಮೈ ತಿರುಗಿದರೆ ಮೊಣಕಾಲಿನ ಒಳಗಿನ ರಜ್ಜು ಹರಿಯಬಹುದು. ನಾವು ಎರಡನ್ನೂ ‘ಉಳುಕು’ ಎಂದು ಮುಗಿಸಿಬಿಡುತ್ತೇವೆ. ವೈದ್ಯರಾದರೋ ಮೂರು ಹಂತಗಳನ್ನು ಎಣಿಸುತ್ತಾರೆ: ಎಳೆಗಳು ಹಿಗ್ಗಿದ್ದು, ಅರೆಬರೆ ಹರಿದದ್ದು, ಪೂರ್ತಿ ತುಂಡಾದದ್ದು.

ಇಲ್ಲಿ ನೋವನ್ನೇ ಅಳತೆಗೋಲಾಗಿ ನಂಬುವಂತಿಲ್ಲ. ಪೂರ್ತಿ ಹರಿದ ರಜ್ಜು ಅರೆ ಹರಿದದ್ದಕ್ಕಿಂತ ಕಡಿಮೆ ನೋಯುವುದುಂಟು. ನೋವಿಳಿಯಿತೆಂದು ಮತ್ತೆ ಕಣಕ್ಕಿಳಿದ ತರುಣನ ಮೊಣಕಾಲು ಹಠಾತ್ತನೆ ಕುಸಿಯುತ್ತದೆ. ಒಳಗಿನ ಮೆದುವೆಲುಬೂ ಸವೆಯತೊಡಗುತ್ತದೆ.

ಆದ್ದರಿಂದ ವೈದ್ಯರು ಮೊದಲು ಕತೆಯನ್ನು ಕೇಳುತ್ತಾರೆ. ‘ಟಪ್’ ಎಂಬ ಸದ್ದಾಯಿತೇ? ಬಾವು ಒಂದೆರಡು ತಾಸಿನಲ್ಲೇ ಬಂದಿತೇ, ಮರುದಿನವೇ? ಬೇಗ ಬಂದ ಬಾವು ಕೀಲಿನೊಳಗೆ ರಕ್ತ ಸೋರಿದ್ದರ ಸೂಚನೆ. ಅನಂತರ ಕೈಯ ಪರೀಕ್ಷೆ. ಮೊಣಕಾಲನ್ನು ತುಸು ಮಡಿಸಿ, ತೊಡೆಯನ್ನು ಹಿಡಿದು, ಕೆಳಗಾಲನ್ನು ಮುಂದಕ್ಕೆಳೆಯುತ್ತಾರೆ. ಗಟ್ಟಿ ರಜ್ಜು ಥಟ್ಟನೆ ತಡೆಯುತ್ತದೆ. ಹರಿದಿದ್ದರೆ ಎಲುಬು ತಡೆಯಿಲ್ಲದೆ ಜಾರುತ್ತದೆ. ಇನ್ನೊಂದು ಕಾಲನ್ನೂ ಹೀಗೆಯೇ ನೋಡಿ ಹೋಲಿಸುತ್ತಾರೆ.

‘ಎಕ್ಸ್‌ರೇಯಲ್ಲಿ ಏನೂ ಇಲ್ಲ’ ಎಂದು ಸಮಾಧಾನಪಡುವವರು ಗಮನಿಸಬೇಕು: ಎಕ್ಸ್‌ರೇ ಎಲುಬನ್ನು ತೋರಿಸುತ್ತದೆ, ರಜ್ಜುವನ್ನಲ್ಲ. ರಜ್ಜುವನ್ನು ಕಾಣಲು ಎಂ.ಆರ್.ಐ. ಬೇಕು. ಹಾಗೆಂದು ಎಕ್ಸ್‌ರೇ ವ್ಯರ್ಥವಲ್ಲ. ಪೆಟ್ಟಾದ ಕಾಲಿನಿಂದ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಹರಡಿನ ಗಂಟೆಲುಬಿನ ಹಿಂದಂಚನ್ನು ಒತ್ತಿದಾಗ ನೋವಾದರೆ, ಮುರಿತವಿದೆಯೇ ಎಂದು ನೋಡಲೇಬೇಕು. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪುಗೊಂಡ ನಿಯಮವಿದು.

ನಮ್ಮಲ್ಲಿ ಉಳುಕಿದೊಡನೆ ಎಣ್ಣೆ ಹಚ್ಚಿ ನೀವಿಸುವ ರೂಢಿಯಿದೆ. ತಿಕ್ಕುವ ಕೈಯಲ್ಲಿ ಅಕ್ಕರೆಯೇ ಇರಬಹುದು. ಆದರೆ ಹಸಿ ಗಾಯವನ್ನು ಬಲವಾಗಿ ತಿಕ್ಕಿದರೆ ರಕ್ತಸ್ರಾವ, ಬಾವು ಹೆಚ್ಚುತ್ತವೆ. ಮೊದಲ ಒಂದೆರಡು ದಿನ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹಿತವಾದ ಪಟ್ಟಿ, ಎತ್ತರದಲ್ಲಿರಿಸಿದ ಕಾಲು – ಇಷ್ಟು ಸಾಕು. ಮುಂದೆ, ಹಿಗ್ಗಿದ ರಜ್ಜುವಿಗೆ ಕ್ರಮದ ವ್ಯಾಯಾಮವೇ ಮದ್ದು. ಪೂರ್ತಿ ಹರಿದದ್ದಕ್ಕೆ ಕೆಲವೊಮ್ಮೆ ಶಸ್ತ್ರಚಿಕಿತ್ಸೆ.

ದುಡಿಮೆಯನ್ನೇ ನಂಬಿದ ಮನೆಯಲ್ಲಿ ಒಂದು ಮೊಣಕಾಲು ಇಡೀ ಸಂಸಾರದ ಭಾರ ಹೊತ್ತಿರುತ್ತದೆ. ಅದರ ಕಟ್ಟು ಸಡಿಲವಾಗಿದೆಯೇ ಎಂದು ಹೊತ್ತಿಗೆ ಮುಂಚೆ ತೋರಿಸಿಕೊಳ್ಳುವುದು ವಿವೇಕ.