ಸೀಗಡಿಯಲ್ಲಿ ಅಡಗಿದ ಔಷಧ

೨೦೦೯ನೆಯ ಇಸವಿಯಲ್ಲಿ ಬಾಂಗ್ಲಾದೇಶವು ತನ್ನ ಸಿಹಿನೀರಿನ ಸೀಗಡಿಯನ್ನು ಐರೋಪ್ಯ ರಾಷ್ಟ್ರಗಳಿಗೆ ಕಳುಹಿಸುವುದನ್ನು ಆರು ತಿಂಗಳ ಕಾಲ ತಾನಾಗಿಯೇ ನಿಲ್ಲಿಸಿತು. ಖುಲ್ನಾ, ಬಾಗೇರ್‌ಹಾಟ್ ಸೀಮೆಗಳಲ್ಲಿ ಗದ್ದೆಗೆ ಎತ್ತರವಾದ ಬದು ಕಟ್ಟಿ, ನೀರು ನಿಲ್ಲಿಸಿ, ಸೀಗಡಿ ಸಾಕಿ ಬದುಕುವ ಸಣ್ಣ ರೈತರು ಬಹಳ ಮಂದಿ. ಅವರ ಸರಕಿಗೆ ಅಡ್ಡ ಬಂದುದು ಪ್ರಯೋಗಶಾಲೆಯ ಒಂದು ಅಂಕಿ: ಒಂದು ಕಿಲೋಗ್ರಾಂ ಮಾಂಸದಲ್ಲಿ ಒಂದು ಮೈಕ್ರೋಗ್ರಾಂ. ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಅಕ್ಕಿಯ ಕಾಳೊಂದು ಸುಮಾರು ೨೦ ಮಿಲಿಗ್ರಾಂ ತೂಗುತ್ತದೆ. ಅದನ್ನು ಪುಡಿಮಾಡಿ ೨೦ ಟನ್ ಸೀಗಡಿಯಲ್ಲಿ ಸಮನಾಗಿ ಬೆರಸಿದರೆ ಈ ಪ್ರಮಾಣವಾಗುತ್ತದೆ. ಇಷ್ಟು ಅಲ್ಪವಾದುದನ್ನು ಅಳೆಯುವುದು ಹೇಗೆ? ಅಳೆದುದರಿಂದ ರೈತನನ್ನು ತಪ್ಪಿತಸ್ಥನೆನ್ನಬಹುದೆ?

ಕೊಳದಲ್ಲಿ ಒತ್ತಾಗಿ ಸಾಕಿದ ಜೀವಿಗಳಿಗೆ ಬ್ಯಾಕ್ಟೀರಿಯ ರೋಗಗಳು ಬೇಗನೆ ಹರಡುತ್ತವೆ. ಇದಕ್ಕೆ ಪರಿಹಾರವೆಂದು ನೈಟ್ರೊಫ್ಯೂರಾನ್ ಎಂಬ ಗುಂಪಿನ ಅಗ್ಗದ ಔಷಧಗಳನ್ನು ಮೇವಿನಲ್ಲಿ ಬೆರಸುವ ವಾಡಿಕೆ ಹಿಂದೆ ಅನೇಕ ದೇಶಗಳಲ್ಲಿತ್ತು. ಇವು ಕ್ಯಾನ್ಸರನ್ನು ತರಬಲ್ಲವೆಂಬ ಶಂಕೆಯಿಂದ ಐರೋಪ್ಯ ಒಕ್ಕೂಟವು ೧೯೯೫ರ ವೇಳೆಗೆ, ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಇವನ್ನು ಕೊಡಬಾರದೆಂದು ನಿಷೇಧಿಸಿತು. ಕ್ಲೋರಾಂಫೆನಿಕಾಲ್ ಎಂಬ ಔಷಧಕ್ಕೂ ಇದೇ ಗತಿಯಾಯಿತು. ಅದು ವಿರಳವಾಗಿ ಕೆಲವರಲ್ಲಿ ಮೂಳೆಯೊಳಗಿನ ಮಜ್ಜೆಯನ್ನೇ ಕೆಡಿಸಿ, ಪ್ರಾಣಾಪಾಯವಾಗುವ ರಕ್ತಹೀನತೆಯನ್ನು ಉಂಟುಮಾಡುವುದುಂಟು.

ನೈಟ್ರೊಫ್ಯೂರಾನನ್ನು ಹಿಡಿಯುವುದು ಸುಲಭವಲ್ಲ. ಪ್ರಾಣಿಯ ದೇಹವನ್ನು ಹೊಕ್ಕ ಕೆಲವೇ ಗಂಟೆಗಳಲ್ಲಿ ಅದರ ಅಣು ಒಡೆಯತೊಡಗುತ್ತದೆ. ಔಷಧವನ್ನೇ ಹುಡುಕಹೊರಟರೆ ಏನೂ ದೊರೆಯದು. ಆದರೆ ಒಡೆದ ಅಣುವಿನ ಒಂದು ತುಣುಕು ಮಾಂಸದ ಪ್ರೋಟೀನಿಗೆ ಅಂಟಿಕೊಂಡು ವಾರಗಟ್ಟಲೆ ಉಳಿಯುತ್ತದೆ. ಬೇಯಿಸಿದರೂ ಅದು ಅಳಿಯುವುದಿಲ್ಲ. ಕಳ್ಳನು ಓಡಿಹೋದರೂ ಅವನ ಚಪ್ಪಲಿ ಬಾಗಿಲಲ್ಲೇ ಉಳಿದಂತೆ! ರಸಾಯನಜ್ಞರು ಈ ತುಣುಕಿನ ಬೆನ್ನು ಹತ್ತುತ್ತಾರೆ. ಮಾಂಸವನ್ನು ಅರೆದು, ದುರ್ಬಲವಾದ ಹೈಡ್ರೊಕ್ಲೋರಿಕ್ ಆಮ್ಲವನ್ನೂ ನೈಟ್ರೊಬೆಂಜಾಲ್ಡಿಹೈಡ್ ಎಂಬ ವಸ್ತುವನ್ನೂ ಕೂಡಿಸಿ, ೩೭ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ರಾತ್ರಿಯೆಲ್ಲಾ ಇಡುವರು. ಆಮ್ಲವು ತುಣುಕನ್ನು ಪ್ರೋಟೀನಿನಿಂದ ಬಿಡಿಸುತ್ತದೆ. ಎರಡನೆಯ ವಸ್ತುವು ಅದರೊಡನೆ ಕೂಡಿಕೊಂಡು ಅದನ್ನು ಭಾರವಾಗಿಸುತ್ತದೆ.

ಇಲ್ಲಿಂದ ಮುಂದಿನದು ಭೌತವಿಜ್ಞಾನದ ಕೆಲಸ. ವಿದ್ಯಾರ್ಥಿಗಳು ಲೆಕ್ಕವನ್ನು ತಾವೇ ಮಾಡಿನೋಡಬಹುದು. ಫ್ಯೂರಜೊಲಿಡೋನ್ ಎಂಬ ನೈಟ್ರೊಫ್ಯೂರಾನ್ ಬಿಟ್ಟುಹೋಗುವ ತುಣುಕಿನ ಅಣುತೂಕ ೧೦೨, ನೈಟ್ರೊಬೆಂಜಾಲ್ಡಿಹೈಡಿನದು ೧೫೧. ಇವು ಕೂಡುವಾಗ ೧೮ ತೂಕದ ನೀರಿನ ಅಣುವೊಂದು ಹೊರಬೀಳುವುದರಿಂದ ಉಳಿಯುವುದು ೨೩೫. ಈ ದ್ರಾವಣವನ್ನು ಪ್ರಬಲವಾದ ವಿದ್ಯುತ್ ಕ್ಷೇತ್ರದಲ್ಲಿ ಸೂಕ್ಷ್ಮ ಹನಿಗಳಾಗಿ ಸಿಂಪಡಿಸಿದಾಗ ಅಣುವಿಗೆ ಒಂದು ಪ್ರೋಟಾನ್ ಸೇರಿ, ಅದು ೨೩೬ ತೂಕದ ಅಯಾನು ಆಗುತ್ತದೆ. ಅಯಾನುಗಳು ನಾಲ್ಕು ಸಮಾಂತರ ಲೋಹದ ಸರಳುಗಳ ನಡುವೆ ಹಾಯಬೇಕು. ಸರಳುಗಳಿಗೆ ಕೊಟ್ಟ ವಿದ್ಯುತ್ತನ್ನು ಹೊಂದಿಸಿದರೆ, ೨೩೬ ಮಾತ್ರ ನೆಟ್ಟಗೆ ಹೊರಬಂದು, ಮಿಕ್ಕವು ತೂರಾಡಿ ಸರಳಿಗೆ ಬಡಿದು ನಿಲ್ಲುತ್ತವೆ. ಜರ್ಮನಿಯ ವೋಲ್ಫ್‌ಗಾಂಗ್ ಪೌಲ್ ೧೯೫೦ರ ದಶಕದಲ್ಲಿ ರೂಪಿಸಿದ ಸುಂದರವಾದ ಉಪಾಯವಿದು. ಹೊರಬಂದ ಅಯಾನನ್ನು ಆರ್ಗಾನ್ ಅನಿಲಕ್ಕೆ ಡಿಕ್ಕಿ ಹೊಡೆಸಿ ಒಡೆದು, ಚೂರುಗಳಲ್ಲಿ ೧೩೪ ತೂಕದ್ದು ಇದೆಯೇ ಎಂದು ಇನ್ನೊಂದು ಸರಳುಗಳ ಗುಂಪಿನಿಂದ ನೋಡುತ್ತಾರೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಮೊದಲು ಅಂಗಿಯ ಬಣ್ಣದಿಂದಲೂ ಬಳಿಕ ಕೆನ್ನೆಯ ಮಚ್ಚೆಯಿಂದಲೂ ಗುರುತಿಸುವಂತೆ ಈ ಎರಡು ಹಂತದ ಶೋಧನೆ.

ಇಷ್ಟು ಬಿಗಿಯಾದ ಪರೀಕ್ಷೆಯೂ ಒಂದು ಕಡೆ ತೊಡಕಿಗೆ ಸಿಕ್ಕಿತು. ನೈಟ್ರೊಫ್ಯೂರಜೋನ್ ಎಂಬ ಸೋದರ ಔಷಧವು ಬಿಟ್ಟುಹೋಗುವ ತುಣುಕು ಸೆಮಿಕಾರ್ಬಜೈಡ್, ಅಣುತೂಕ ೭೫. ಇದೇ ವಸ್ತುವು ೨೦೦೩ರಲ್ಲಿ ಗಾಜಿನ ಜಾಡಿಗಳಲ್ಲಿ ತುಂಬಿದ ಆಹಾರದಲ್ಲಿಯೂ ಸಿಕ್ಕಿತು. ಅದು ಹುಟ್ಟಿದುದು ಮುಚ್ಚಳದೊಳಗಿನ ಪ್ಲಾಸ್ಟಿಕ್ ಬಿಲ್ಲೆಯಲ್ಲಿ! ಮುಂದೆ, ಔಷಧದ ಸೋಂಕೇ ಇಲ್ಲದ ಸಿಹಿನೀರಿನ ಸೀಗಡಿಯ ಚಿಪ್ಪಿನಲ್ಲಿಯೂ ಅದು ಸಹಜವಾಗಿ ಇರುವುದೆಂದು ಸಂಶೋಧಕರು ತೋರಿಸಿದರು. ಬಾಂಗ್ಲಾದೇಶದ ಸೀಗಡಿಯೂ ಇದಕ್ಕೆ ಹೊರತಾಗಿರಲಿಲ್ಲ. ಯಂತ್ರವು ತೂಕವನ್ನು ಸರಿಯಾಗಿಯೇ ಹೇಳಿತ್ತು. ತೂಗಿದ ಅಣು ಎಲ್ಲಿಂದ ಬಂದಿತೆಂಬುದನ್ನು ಹೇಳಲು ಅದಕ್ಕೆ ಬಾಯಿಲ್ಲ. ಹಾಗೆಂದು ಅಲ್ಲಿನ ರೈತರೆಲ್ಲರೂ ಮೇವಿನವರೆಲ್ಲರೂ ನಿರ್ದೋಷಿಗಳೆಂದು ನಾನು ಹೇಳುತ್ತಿಲ್ಲ. ಆದರೆ ಚಿಪ್ಪುಸಹಿತವಾಗಿ ಅರೆದು ಪರೀಕ್ಷಿಸಿದ ಸರಕಿನಲ್ಲಿ ಅಪರಾಧಿಯೂ ನಿರಪರಾಧಿಯೂ ಒಂದೇ ಬಗೆಯಾಗಿ ಕಾಣುವರಷ್ಟೆ. ಆದುದರಿಂದ ಚಿಪ್ಪನ್ನು ಸುಲಿದು, ಒಳಗಿನ ಮಾಂಸವನ್ನು ಮಾತ್ರ ತೆಗೆದು ಪರೀಕ್ಷಿಸಬೇಕೆಂದು ಸಂಶೋಧಕರು ಸಲಹೆ ಮಾಡಿದರು.

ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. ೨೦೧೬ರಲ್ಲಿ ಐರೋಪ್ಯ ಒಕ್ಕೂಟವು ಭಾರತದ ಸಾಕಣೆ ಸೀಗಡಿಯ ಸರಕುಗಳಲ್ಲಿ ಪರೀಕ್ಷಿಸಬೇಕಾದ ಪಾಲನ್ನು ನೂರಕ್ಕೆ ೧೦ರಿಂದ ೫೦ಕ್ಕೆ ಏರಿಸಿತು. ೨೦೧೯ರಲ್ಲಿ ಹೊರಡಿಸಿದ ನಿಯಮದಂತೆ ನೈಟ್ರೊಫ್ಯೂರಾನ್ ತುಣುಕಿನ ಮಿತಿಯು ೨೦೨೨ರ ನವೆಂಬರಿನಿಂದ ಕಿಲೋಗ್ರಾಮಿಗೆ ಅರ್ಧ ಮೈಕ್ರೋಗ್ರಾಮಿಗೆ ಇಳಿಯಿತು. ಅದೇ ನಿಯಮದ ಅಡಿಟಿಪ್ಪಣಿಯೊಂದು, ಸೀಗಡಿಯ ಹತ್ತಿರದ ಬಂಧುವಾದ ಕ್ರೇಫಿಷ್ ಎಂಬ ಚಿಪ್ಪುಜೀವಿಯಲ್ಲಿ ಸೆಮಿಕಾರ್ಬಜೈಡ್ ಸಹಜವಾಗಿಯೇ ಇರುವುದನ್ನು ಒಪ್ಪಿ, ಅದೊಂದನ್ನೇ ಔಷಧ ಬಳಸಿದುದಕ್ಕೆ ಸಾಕ್ಷ್ಯವೆಂದು ಎಣಿಸಲಾಗದೆಂದು ತಿಳಿಸುತ್ತದೆ.