ದಂಡನಾಯಕ (ಹೊಯ್ಸಳರ ಕಾಲದ ಪದವಿ ಮತ್ತು ಮನೆತನಗಳು)

ದಂಡನಾಯಕ ಎಂಬುದು ಮಧ್ಯಯುಗದ ಕರ್ನಾಟಕದಲ್ಲಿ, ವಿಶೇಷವಾಗಿ ಹೊಯ್ಸಳರ ಆಳ್ವಿಕೆಯಲ್ಲಿ, ಸೇನಾಧಿಪತಿಗಳಿಗೂ ಉನ್ನತ ಅಧಿಕಾರಿಗಳಿಗೂ ಸಲ್ಲುತ್ತಿದ್ದ ಪದವಿ. ಕೆಲವು ಮನೆತನಗಳಲ್ಲಿ ಈ ಪದವಿಯು ಹಲವು ತಲೆಮಾರುಗಳವರೆಗೆ ಮುಂದುವರಿಯಿತು. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳಲ್ಲಿ ಇಂತಹ ಮನೆತನಗಳ ವಂಶಾವಳಿ, ಬಿರುದು, ದಾನ ಮತ್ತು ಮರಣಗಳ ವಿವರಗಳು ದೊರೆಯುತ್ತವೆ. ಗಂಗರಾಜನ ಮನೆತನ ಮತ್ತು ಸಿಂದಗೆರೆಯ ಮರಿಯಾನೆಯ ಮನೆತನಗಳು ಇವುಗಳಲ್ಲಿ ಪ್ರಮುಖವಾದವು.

ಪದದ ಅರ್ಥ

ಸಂಸ್ಕೃತದಲ್ಲಿ 'ದಂಡ' ಎಂದರೆ ಕೋಲು, ಶಿಕ್ಷೆ ಮತ್ತು ಸೈನ್ಯ ಎಂಬ ಅರ್ಥಗಳಿವೆ. ಸೈನ್ಯದ ನಾಯಕನೇ ದಂಡನಾಯಕ. ಕನ್ನಡದಲ್ಲಿ ಇದು 'ದಣ್ಣಾಯಕ' ಎಂದು ತದ್ಭವವಾಯಿತು. ದಂಡನಾಯಕನ ಪತ್ನಿಯನ್ನು ಶಾಸನಗಳು 'ದಂಡನಾಯಕಿತಿ' ಎಂದು ಗೌರವದಿಂದ ಕರೆಯುತ್ತವೆ. ಹಿರಿಯ ದಂಡನಾಯಕರಿಗೆ 'ಮಹಾಪ್ರಧಾನ', 'ಸರ್ವಾಧಿಕಾರಿ', 'ಮಹಾಪ್ರಚಂಡ ದಂಡನಾಯಕ', 'ಸಮಧಿಗತ ಪಂಚಮಹಾಶಬ್ದ' ಮೊದಲಾದ ವಿಶೇಷಣಗಳು ಸೇರುತ್ತಿದ್ದವು. ಐದು ಬಗೆಯ ವಾದ್ಯಗಳ ಮರ್ಯಾದೆಯನ್ನು ಪಡೆದವನು ಎಂಬುದು ಈ ಕೊನೆಯ ಬಿರುದಿನ ಅರ್ಥ.

ಪದವಿಯ ಸ್ವರೂಪ

ದಂಡನಾಯಕನ ಕೆಲಸ ಯುದ್ಧಕ್ಕಷ್ಟೇ ಸೀಮಿತವಾಗಿರಲಿಲ್ಲ. ನಾಡುಗಳ ಆಡಳಿತ, ಭಂಡಾರದ ಮೇಲ್ವಿಚಾರಣೆ, ದೇವಾಲಯ ಹಾಗೂ ಕೆರೆಗಳ ನಿರ್ಮಾಣಗಳೂ ಅವನ ಹೊಣೆಯಾಗುತ್ತಿದ್ದವು. ಇದಕ್ಕೆ ಪ್ರತಿಯಾಗಿ ಅರಸನು ಅವನಿಗೆ ಒಂದು ಅಥವಾ ಹಲವು ಊರುಗಳ ಒಡೆತನವನ್ನು, ಅಂದರೆ 'ಪ್ರಭುತ್ವ'ವನ್ನು ನೀಡುತ್ತಿದ್ದನು.

ಈ ಒಡೆತನವು ಮನೆತನದ ಆಸ್ತಿಯೋ ಅಥವಾ ಅರಸನ ಕೃಪೆಯೋ ಎಂಬುದು ಈ ಪದವಿಯ ಚರಿತ್ರೆಯಲ್ಲಿ ಮುಖ್ಯವಾದ ಪ್ರಶ್ನೆ. ಇಂಗ್ಲೆಂಡಿನ ಅರ್ಲ್, ಬ್ಯಾರನ್ ಮುಂತಾದ ವಂಶಪಾರಂಪರ್ಯ ಬಿರುದುಗಳೊಡನೆ ಹೋಲಿಸಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ಅಲ್ಲಿ ದೊರೆಯು ಒಮ್ಮೆ ರಾಜಪತ್ರದ ಮೂಲಕ ಬಿರುದನ್ನು ನೀಡಿದ ಮೇಲೆ ಅದು ಸಾಮಾನ್ಯವಾಗಿ ಹಿರಿಯ ಮಗನಿಗೆ ತಾನಾಗಿಯೇ ಬರುತ್ತದೆ. ಹೊಸ ದೊರೆಯು ಅದನ್ನು ಮತ್ತೆ ಕೊಡಬೇಕಾಗಿಲ್ಲ. ಹೊಯ್ಸಳ ರಾಜ್ಯದಲ್ಲಿ ಇಂತಹ ಖಚಿತವಾದ ನಿಯಮವು ಕಾಣುವುದಿಲ್ಲ. ಮಗನು ತಂದೆಯ ಪದವಿಗೆ ಬರುವುದು ರೂಢಿಯಲ್ಲಿದ್ದರೂ ಅರಸನ ಒಪ್ಪಿಗೆ ಬೇಕಾಗಿತ್ತು. ಸಿಂದಗೆರೆಯ ಮನೆತನದ ಚರಿತ್ರೆಯು ಇದಕ್ಕೆ ಅತ್ಯುತ್ತಮ ನಿದರ್ಶನ.

ಸಿಂದಗೆರೆಯ ಮರಿಯಾನೆ ಮನೆತನ

ಸಿಂದಗೆರೆಯು ಇಂದಿನ ಚಿಕ್ಕಮಗಳೂರು ಜಿಲ್ಲೆಯ ಸಿಂದಿಗೆರೆ. ಹೊಯ್ಸಳರ ಕಾಲದಲ್ಲಿ ಅದು ಆಸಂದಿ ನಾಡಿಗೆ ಸೇರಿತ್ತು. 11ನೆಯ ಶತಮಾನದ ಮಧ್ಯಭಾಗದಲ್ಲಿ ಹೊಯ್ಸಳ ದೊರೆ ವಿನಯಾದಿತ್ಯ ಮತ್ತು ರಾಣಿ ಕೆಳೆಯಬ್ಬರಸಿಯರು ಮರಿಯಾನೆ ದಂಡನಾಯಕನಿಗೆ ದೇಕವ್ವೆಯನ್ನು ಕೊಟ್ಟು ಮದುವೆ ಮಾಡಿಸಿ, ಆ ಸಂದರ್ಭದಲ್ಲಿ ಸಿಂದಗೆರೆಯ ಒಡೆತನವನ್ನು ನೀಡಿದರು. ಮನೆತನದ ಏಳಿಗೆಯು ಹೀಗೆ ವಿವಾಹದ ಕೊಡುಗೆಯೊಂದಿಗೆ ಆರಂಭವಾಯಿತು.

1103ರಲ್ಲಿ ವಿನಯಾದಿತ್ಯನ ಮೊಮ್ಮಗನಾದ ಒಂದನೆಯ ಬಲ್ಲಾಳನು ಈ ಮನೆತನದ ಎರಡನೆಯ ಮರಿಯಾನೆಯ ಮೂವರು ಪುತ್ರಿಯರಾದ ಪದುಮಲದೇವಿ, ಚಾವಲದೇವಿ ಮತ್ತು ಬೊಪ್ಪದೇವಿಯರನ್ನು ಒಂದೇ ಹಸೆಯಲ್ಲಿ ವಿವಾಹವಾದನು. ಮೂವರೂ ಶಾಸ್ತ್ರ, ಸಂಗೀತ ಮತ್ತು ನೃತ್ಯಗಳಲ್ಲಿ ಪರಿಣತರಾಗಿದ್ದರೆಂದು ಶಾಸನವು ವರ್ಣಿಸುತ್ತದೆ. ಆಗ ಅರಸನು ಮೊಲೆವಾಲಿನ ಋಣವನ್ನು ತೀರಿಸುವ ಸಲುವಾಗಿ ಸಿಂದಗೆರೆಯನ್ನು ಮತ್ತೊಮ್ಮೆ ಮರಿಯಾನೆಗೆ ದತ್ತಿ ನೀಡಿದನು. ಅದಾಗಲೇ ಮನೆತನದ ವಶದಲ್ಲಿದ್ದ ಊರನ್ನು ಹೊಸ ಅರಸನು ಹೊಸದಾಗಿ ಕೊಡುವುದು ಇಲ್ಲಿ ಗಮನಾರ್ಹ.

ವಿಷ್ಣುವರ್ಧನನ ಆಳ್ವಿಕೆಯಲ್ಲಿ ಮರಿಯಾನೆ ಮತ್ತು ಭರತ ಎಂಬ ಸಹೋದರರು ಈ ಮನೆತನದಿಂದ ದಂಡನಾಯಕರಾದರು. ಅಣ್ಣನೊಬ್ಬನಿಗೇ ಪದವಿ ಸೇರಲಿಲ್ಲ. ಸಹೋದರರು ಜೊತೆಯಾಗಿ ಅಧಿಕಾರವನ್ನು ನಿರ್ವಹಿಸಿದರು. ಹಿರಿಯ ಮಗನೇ ಏಕೈಕ ವಾರಸುದಾರನಾಗುವ ಇಂಗ್ಲಿಷ್ ಪದ್ಧತಿಗಿಂತ ಇದು ಭಿನ್ನವಾದುದು. 12ನೆಯ ಶತಮಾನದಲ್ಲಿ ಈ ಮನೆತನದವರು ಅರಸನ ಪಾದಕ್ಕೆ 500 ಹೊನ್ನನ್ನು ಒಪ್ಪಿಸಿ ತಮ್ಮ ಊರುಗಳ ಒಡೆತನವನ್ನು ಪುನಃ ಪಡೆದ ಸಂಗತಿಯೂ ಶಾಸನದಲ್ಲಿದೆ. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಆಳೀಸಂದ್ರದ ಶಾಸನವು ಈ ವಂಶದ ಕಥೆಯನ್ನು ಎರಡನೆಯ ಬಲ್ಲಾಳನ ಕಾಲದವರೆಗೆ ತರುತ್ತದೆ. ಆ ಹೊತ್ತಿಗೆ ಮನೆತನದಲ್ಲಿ ಭರತ ಮತ್ತು ಬಾಹುಬಲಿ ಎಂಬ ಹೆಸರಿನ ದಂಡನಾಯಕರಿದ್ದರು.

ಹೀಗೆ ಒಂದು ಶತಮಾನಕ್ಕೂ ಮೀರಿ ಸಿಂದಗೆರೆಯು ಒಂದೇ ವಂಶದಲ್ಲಿ ಉಳಿಯಿತು. ಆದರೆ ಆ ಒಡೆತನವನ್ನು ಒಮ್ಮೆ ಮದುವೆಯ ಉಡುಗೊರೆಯಾಗಿ, ಇನ್ನೊಮ್ಮೆ ಋಣಪರಿಹಾರವಾಗಿ, ಮತ್ತೊಮ್ಮೆ ಹೊನ್ನು ತೆತ್ತು ಪಡೆಯಬೇಕಾಯಿತು. ವಾಡಿಕೆಯಲ್ಲಿ ಅದು ವಂಶಪಾರಂಪರ್ಯ. ಹಕ್ಕಿನ ದೃಷ್ಟಿಯಿಂದ ಅರಸನ ಕೊಡುಗೆ.

ಭರತ ದಂಡನಾಯಕನ ಹೆಸರು ಶ್ರವಣಬೆಳಗೊಳದಲ್ಲಿ ಇಂದಿಗೂ ಉಳಿದಿದೆ. ವಿಂಧ್ಯಗಿರಿಯನ್ನು ಏರುವವರು ಹಾದುಹೋಗುವ ಅಖಂಡ ಬಾಗಿಲಿನ ಇಕ್ಕೆಲಗಳಲ್ಲಿರುವ ಭರತ ಮತ್ತು ಬಾಹುಬಲಿಯರ ಮೂರ್ತಿಗಳನ್ನು ಮಾಡಿಸಿದವನು ಈತನೇ. ಅಲ್ಲಿಂದ ಮೇಲಕ್ಕೆ ಹೋಗುವ ಮೆಟ್ಟಿಲುಗಳೂ ಈತನ ಕೊಡುಗೆ. ಈತನ ಗುರು ಗಂಡವಿಮುಕ್ತ ಸಿದ್ಧಾಂತದೇವ. ಗಂಗವಾಡಿಯಲ್ಲಿ ಈತನು 80 ಹೊಸ ಬಸದಿಗಳನ್ನು ಕಟ್ಟಿಸಿ 200 ಬಸದಿಗಳನ್ನು ಜೀರ್ಣೋದ್ಧಾರ ಮಾಡಿದನೆಂದು ಬೆಳಗೊಳದ ಶಾಸನವು ಹೇಳುತ್ತದೆ. ಆ ಶಾಸನದಲ್ಲಿ ಈತನ ಮಗಳು ಶಾಂತಲದೇವಿಯ ಹೆಸರಿದೆ. ಈಕೆಯು ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯಲ್ಲ.

ಗಂಗರಾಜನ ಮನೆತನ

ವಿಷ್ಣುವರ್ಧನನ ದಂಡನಾಯಕರಲ್ಲಿ ಅಗ್ರಗಣ್ಯನಾದವನು ಗಂಗರಾಜ. ಈತನು ಕೌಂಡಿನ್ಯ ಗೋತ್ರದವನು. ತಂದೆ ಏಚಿರಾಜ, ತಾಯಿ ಪೋಚಿಕಬ್ಬೆ, ಪತ್ನಿ ಲಕ್ಷ್ಮಿ. 'ದ್ರೋಹಘರಟ್ಟ' ಎಂಬುದು ಈತನ ಪ್ರಸಿದ್ಧ ಬಿರುದು. 'ಘರಟ್ಟ' ಎಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಅರೆಯುವ ಬೀಸುಗಲ್ಲು ಎಂಬುದು ಬಿರುದಿನ ತಾತ್ಪರ್ಯ.

1116ರ ಸುಮಾರಿಗೆ ಗಂಗರಾಜನು ಚೋಳರ ಅಧಿಕಾರಿಯಾಗಿದ್ದ ಅದಿಯಮನನ್ನು ಸೋಲಿಸಿ ತಲಕಾಡನ್ನು ಗೆದ್ದನು. ಒಂದು ಶತಮಾನಕ್ಕೂ ಹೆಚ್ಚು ಕಾಲ ಚೋಳರ ವಶದಲ್ಲಿದ್ದ ಗಂಗವಾಡಿಯು ಇದರಿಂದ ಹೊಯ್ಸಳರದಾಯಿತು. ವಿಷ್ಣುವರ್ಧನನಿಗೆ 'ತಲಕಾಡುಗೊಂಡ' ಎಂಬ ಬಿರುದು ಬಂದಿತು. ಬಳಿಕ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಸೈನ್ಯದ ಮೇಲೆ ರಾತ್ರಿಯ ವೇಳೆ ಎರಗಿ ಅದನ್ನು ಚದುರಿಸಿದನು. ಮೆಚ್ಚಿದ ಅರಸನು ಬೇಕಾದುದನ್ನು ಕೇಳೆಂದಾಗ ಗಂಗರಾಜನು 'ಪರಮ' ಎಂಬ ಗ್ರಾಮವನ್ನು ಬೇಡಿ ಪಡೆದು, ತನ್ನ ತಾಯಿ ಮತ್ತು ಪತ್ನಿ ಕಟ್ಟಿಸಿದ ಜಿನಾಲಯಗಳಿಗೆ ಬಿಟ್ಟುಕೊಟ್ಟನು. ಇನ್ನೊಂದು ಸಂದರ್ಭದಲ್ಲಿ ಪಡೆದ ಗೋವಿಂದವಾಡಿಯನ್ನು ಗೊಮ್ಮಟೇಶ್ವರನ ಪೂಜೆಗೆ ಅರ್ಪಿಸಿದನು.

ಈ ದಾನಗಳಿಗೆ ಧಾರ್ಮಿಕ ಮಹತ್ವದ ಜೊತೆಗೆ ಮತ್ತೊಂದು ಮಹತ್ವವೂ ಇದೆ. ದಂಡನಾಯಕನಿಗೆ ದೊರೆತ ಊರನ್ನು ಮುಂದಿನ ಅರಸನು ಹಿಂದಕ್ಕೆ ಪಡೆಯಬಹುದಾಗಿತ್ತು. ದೇವರಿಗೆ ಬಿಟ್ಟ ದತ್ತಿಯನ್ನು ಕಸಿದುಕೊಳ್ಳುವುದು ಮಹಾಪಾಪವೆಂದು ದಾನಶಾಸನಗಳ ಕೊನೆಯ ಶಾಪವಾಕ್ಯಗಳು ಎಚ್ಚರಿಸುತ್ತಿದ್ದವು. ಆದ್ದರಿಂದ ಮನೆತನದ ಹೆಸರು ದಾನದಲ್ಲಿ ಹೆಚ್ಚು ಭದ್ರವಾಗಿ ಉಳಿಯುತ್ತಿತ್ತು.

ಗಂಗರಾಜ ಮತ್ತು ಅವನ ಕುಟುಂಬದವರು ಶ್ರವಣಬೆಳಗೊಳದ ಪರಿಸರದಲ್ಲಿ ಮಾಡಿಸಿದ ಮುಖ್ಯ ನಿರ್ಮಾಣಗಳು ಇವು:

- ಗೊಮ್ಮಟೇಶ್ವರ ಮೂರ್ತಿಯ ಸುತ್ತಾಲಯ. ಮೂರ್ತಿಯ ಪಾದದ ಬಳಿಯ ಬರಹಗಳಲ್ಲಿ ಚಾವುಂಡರಾಯನ ಹೆಸರಿನೊಡನೆ ಗಂಗರಾಜನ ಹೆಸರೂ ಇದೆ.
- ಚಂದ್ರಗಿರಿಯ ಶಾಸನ ಬಸದಿ. ಬಾಗಿಲಿನಲ್ಲಿರುವ ಶಾಸನದಿಂದ ಇದಕ್ಕೆ ಈ ಹೆಸರು ಬಂದಿದೆ.
- ಚಂದ್ರಗಿರಿಯ ಕತ್ತಲೆ ಬಸದಿ. ಗಂಗರಾಜನು ತಾಯಿ ಪೋಚಿಕಬ್ಬೆಗಾಗಿ ಕಟ್ಟಿಸಿದ್ದು. ಆ ಬೆಟ್ಟದ ಬಸದಿಗಳಲ್ಲಿ ಇದೇ ದೊಡ್ಡದು.
- ಚಂದ್ರಗಿರಿಯ ಎರಡುಕಟ್ಟೆ ಬಸದಿ. ಇದನ್ನು ಕಟ್ಟಿಸಿದವಳು ಗಂಗರಾಜನ ಪತ್ನಿ ಲಕ್ಷ್ಮಿ.
- ಶ್ರವಣಬೆಳಗೊಳದ ಉತ್ತರಕ್ಕಿರುವ ಜಿನನಾಥಪುರ ಗ್ರಾಮ. ಇದರ ಸ್ಥಾಪಕನು ಗಂಗರಾಜ.
- ಊರಿನ ಜಕ್ಕಿಕಟ್ಟೆ. ಇದನ್ನು ಮಾಡಿಸಿದವಳು ಗಂಗರಾಜನ ಅತ್ತಿಗೆ ಜಕ್ಕಣಬ್ಬೆ.

ಮನೆತನದ ಮಹಿಳೆಯರು

ಮೇಲಿನ ಪಟ್ಟಿಯು ತೋರಿಸುವಂತೆ ದಂಡನಾಯಕ ಮನೆತನಗಳ ಸ್ತ್ರೀಯರು ತಮ್ಮ ಹೆಸರಿನಲ್ಲಿಯೇ ಕಟ್ಟಡಗಳನ್ನು ಕಟ್ಟಿಸುತ್ತಿದ್ದರು. ಗಂಗರಾಜ ಮತ್ತು ಲಕ್ಷ್ಮಿ ಇಬ್ಬರೂ ಶುಭಚಂದ್ರ ಸಿದ್ಧಾಂತದೇವನ ಶಿಷ್ಯರು. ಪೋಚಿಕಬ್ಬೆ ಮತ್ತು ಲಕ್ಷ್ಮಿ ಇಬ್ಬರೂ ಜೈನ ವಿಧಿಯಂತೆ ಸಲ್ಲೇಖನದಿಂದ ದೇಹತ್ಯಾಗ ಮಾಡಿದರು. ಅವರ ಸ್ಮರಣೆಗಾಗಿ ಚಂದ್ರಗಿರಿಯಲ್ಲಿ ನಿಷಿಧಿ ಶಾಸನಗಳನ್ನು ನಿಲ್ಲಿಸಲಾಯಿತು. ಮನೆತನದ ವಂಶಾವಳಿಯ ಬಹುಭಾಗವು ಇಂದು ತಿಳಿದಿರುವುದು ಇಂತಹ ಸ್ಮಾರಕಗಳಿಂದಲೇ.

ಗಂಗರಾಜನ ನಂತರ

ಗಂಗರಾಜನ ಮಗ ಬೊಪ್ಪನೂ ದಂಡನಾಯಕನಾದನು. ತಂದೆಯ ನೆನಪಿಗಾಗಿ ಅವನು 1133ರಲ್ಲಿ ರಾಜಧಾನಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಒಂದು ಬಸದಿಯನ್ನು ಕಟ್ಟಿಸಿದನು. ತಂದೆಯ ಬಿರುದಿನಿಂದ ಅದಕ್ಕೆ 'ದ್ರೋಹಘರಟ್ಟ ಜಿನಾಲಯ' ಎಂಬ ಹೆಸರಾಯಿತು. ಪ್ರತಿಷ್ಠೆಯ ಶೇಷಾಕ್ಷತೆಯು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ತಲುಪಿದಾಗ ಅವನು ಯುದ್ಧದಲ್ಲಿ ಜಯ ಗಳಿಸಿದ್ದನು. ಅವನಿಗೆ ಪುತ್ರನೂ ಜನಿಸಿದ್ದನು. ಸಂತೋಷಗೊಂಡ ಅರಸನು ದೇವರಿಗೆ ವಿಜಯ ಪಾರ್ಶ್ವನಾಥ ಎಂದೂ ಮಗನಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟು, ಬಸದಿಗೆ ಜಾವಗಲ್ಲನ್ನು ದತ್ತಿಯಾಗಿ ಕೊಟ್ಟನು. ಕನ್ನಡಿಯಂತೆ ಹೊಳೆಯುವ ಕಂಬಗಳುಳ್ಳ ಹಳೇಬೀಡಿನ ಪಾರ್ಶ್ವನಾಥ ಬಸದಿಯೇ ಇದು.

ಗಂಗರಾಜನ ಅಣ್ಣ ಬಮ್ಮನ ಮಗ ಏಚಿರಾಜನೂ ದಂಡನಾಯಕನಾಗಿದ್ದು 1135ರಲ್ಲಿ ತೀರಿಕೊಂಡನು. ಅವನಿಗೆ ನಿಷಿಧಿಯನ್ನು ನಿಲ್ಲಿಸಿದವನು ಬೊಪ್ಪ. ಮರಿಯಾನೆಯ ವಂಶದಂತೆ ಈ ವಂಶವು ಒಂದು ಊರಿನ ಒಡೆತನವನ್ನು ತಲೆಮಾರುಗಳವರೆಗೆ ನವೀಕರಿಸಿಕೊಂಡು ಬಂದಂತೆ ಕಾಣುವುದಿಲ್ಲ. ಅದರ ಕೀರ್ತಿಯು ಬಸದಿಗಳಲ್ಲಿ ನಿಂತಿತು.

ವಂಶವಿಲ್ಲದೆ ಬಂದ ಪದವಿ

ಉನ್ನತ ಪದವಿಗಳೆಲ್ಲವೂ ತಂದೆಯಿಂದ ಬಂದವುಗಳಲ್ಲ. ವಾಜಿ ವಂಶದ ಹುಳ್ಳರಾಜನು ವಿಷ್ಣುವರ್ಧನ, ಒಂದನೆಯ ನರಸಿಂಹ ಮತ್ತು ಎರಡನೆಯ ಬಲ್ಲಾಳ ಎಂಬ ಮೂವರು ಅರಸರ ಸೇವೆಯಲ್ಲಿದ್ದು, ಭಂಡಾರಿ ಹಾಗೂ ಮಹಾಪ್ರಧಾನನಾಗಿ ಪ್ರಸಿದ್ಧನಾದನು. 1159ರಲ್ಲಿ ಈತನು ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಚತುರ್ವಿಂಶತಿ ತೀರ್ಥಂಕರರ ಬಸದಿಯು ಈತನ ಉದ್ಯೋಗದ ಹೆಸರಿನಿಂದಲೇ 'ಭಂಡಾರಿ ಬಸದಿ' ಎನಿಸಿದೆ.

ಪದವಿಗೂ ಅರಸನಿಗೂ ಇದ್ದ ಸಂಬಂಧದ ತೀವ್ರ ರೂಪವನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೊಂದು ತೋರಿಸುತ್ತದೆ. ಎರಡನೆಯ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನು ಅರಸನ ಮರಣಾನಂತರ ತಾನು ಬದುಕಿರಬಾರದೆಂದು ವ್ರತ ತೊಟ್ಟಿದ್ದನು. ಅದರಂತೆ ಅವನು, ಅವನ ಪತ್ನಿ ಸುಗ್ಗಲದೇವಿ ಮತ್ತು ಅವನ ವೀರರು ಪ್ರಾಣಾರ್ಪಣೆ ಮಾಡಿದರು. ಇಂಥವರನ್ನು 'ಗರುಡ'ರೆಂದು ಕರೆಯುತ್ತಿದ್ದರು. ಇಲ್ಲಿ ಪದವಿಯು ಮಗನಿಗೆ ದಾಟದೆ ಅರಸನೊಡನೆಯೇ ಕೊನೆಗೊಂಡಿತು.

ಕೊನೆಯ ಕಾಲ

13 ಮತ್ತು 14ನೆಯ ಶತಮಾನಗಳಲ್ಲಿ ರಾಜ್ಯದ ದಕ್ಷಿಣದಲ್ಲಿ ತೆರಕಣಾಂಬಿಯನ್ನು ಕೇಂದ್ರವಾಗಿಸಿಕೊಂಡ ದಣ್ಣಾಯಕ ಮನೆತನವೊಂದು ಪ್ರಬಲವಾಯಿತು. ಪೆರುಮಾಳೆ ದಣ್ಣಾಯಕನ ಮಗ ಮಾಧವ ದಣ್ಣಾಯಕನು 'ನೀಲಗಿರಿ ಸಾಧಾರ' ಎಂಬ ಬಿರುದನ್ನು ಧರಿಸಿದ್ದನು. 1315ರಲ್ಲಿ ಕಟ್ಟಲ್ಪಟ್ಟ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯವು ಈತನದೆಂದು ಪ್ರಸಿದ್ಧ. ಇವರ ಹೆಸರನ್ನು ಹೊತ್ತ ದಣ್ಣಾಯಕನಕೋಟೆಯು ಈಗ ತಮಿಳುನಾಡಿನ ಭವಾನಿಸಾಗರ ಜಲಾಶಯದಲ್ಲಿ ಮುಳುಗಿದೆ. 14ನೆಯ ಶತಮಾನದ ಮಧ್ಯದಲ್ಲಿ ಹೊಯ್ಸಳ ರಾಜ್ಯವು ಅಳಿದು ವಿಜಯನಗರವು ತಲೆಯೆತ್ತಿತು. 'ದಣ್ಣಾಯಕ' ಎಂಬ ಪದವು ಆ ಕಾಲದಲ್ಲಿಯೂ ಬಳಕೆಯಲ್ಲಿತ್ತು. ಆದರೆ ಹೊಯ್ಸಳ ಅರಸರನ್ನು ಆಶ್ರಯಿಸಿದ್ದ ಮನೆತನಗಳ ಹಳೆಯ ಸ್ಥಾನಮಾನವು ಉಳಿಯಲಿಲ್ಲ.

ಐತಿಹಾಸಿಕ ಮಹತ್ವ

ಇಂಗ್ಲೆಂಡಿನಲ್ಲಿ ವಂಶಪಾರಂಪರ್ಯ ಬಿರುದುಗಳು ಕಾನೂನಿನ ಬಲದಿಂದ ಇಂದಿಗೂ ಉಳಿದಿವೆ. 1999ರ ಕಾಯಿದೆಯು ಅಂತಹ ಬಹುತೇಕ ಬಿರುದುದಾರರ ಸಂಸತ್ತಿನ ಸ್ಥಾನಗಳನ್ನು ರದ್ದುಪಡಿಸಿದರೂ ಬಿರುದುಗಳನ್ನು ತೆಗೆಯಲಿಲ್ಲ. ದಂಡನಾಯಕ ಪದವಿಗೆ ಅಂತಹ ಆಸರೆ ಇರಲಿಲ್ಲವಾದುದರಿಂದ ಅದು ರಾಜ್ಯದೊಡನೆಯೇ ಮರೆಯಾಯಿತು. ಆ ಮನೆತನಗಳ ಚರಿತ್ರೆಯನ್ನು ಶಾಸನಗಳು ಕಾಪಾಡಿವೆ. ಬಿ. ಎಲ್. ರೈಸ್ ಮತ್ತು ಆರ್. ನರಸಿಂಹಾಚಾರ್ ಅವರು ಶ್ರವಣಬೆಳಗೊಳದ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎರಡನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದ್ದರಿಂದ, ಹೊಯ್ಸಳ ನಾಡಿನ ಅಧಿಕಾರ, ವಿವಾಹ ಸಂಬಂಧ, ಭೂಒಡೆತನ ಮತ್ತು ಧರ್ಮಗಳ ಪರಸ್ಪರ ಸಂಬಂಧವನ್ನು ಅರಿಯುವುದು ಸಾಧ್ಯವಾಗಿದೆ.